ಸಮಾಧಾನ ಹೇಳದ ಸೊಸೆ

ನನ್ನ ಸೊಸೆಗೆ ಪಿಎಚ್‌ಡಿ ಬೇಕಿತ್ತು, ನನಗೆ ಬೇಕಿರಲಿಲ್ಲ. ಮೂಳೆ ವಾರ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾಲಲ್ಲಿ ದುಡಿದು, ಈಗ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಸಾಲದೇ? ಆದರೆ ಅವಳ ತಲೆಗೊಂದು ಹುಳ ಹೊಕ್ಕಿತ್ತು. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ, ಆಪರೇಷನ್ ಆಗುತ್ತದೆ, ಮೂಳೆ ಕೂಡಿಕೊಳ್ಳುತ್ತದೆ. ಆದರೂ ಎಷ್ಟೋ ಜನ ಎದ್ದು ಓಡಾಡುವುದಿಲ್ಲ. ಯಾಕೆ? ಇದೇ ಅವಳ ಸಂಶೋಧನೆ. ಈ ಹುಳ ಎಲ್ಲಿಂದ ಬಂತೆಂದು ಕೇಳಬೇಡಿ. ಬಚ್ಚಲ ಬಾಗಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡವಳು ನಾನೇ. ಅಂದಿನಿಂದ ಹಾಸಿಗೆ ಬಿಟ್ಟರೆ ಕುರ್ಚಿ, ಕುರ್ಚಿ ಬಿಟ್ಟರೆ ಹಾಸಿಗೆ. ಬಚ್ಚಲಿಗೆ ಹೋಗಬೇಕಾದರೆ ವಾಕರ್ ಸಾಲದೆಂದು ಮಗನ ತೋಳು ಬೇರೆ. ಯಾರು ಕೇಳಿದರೂ ಕಾಲು ನೋವು ಎನ್ನುತ್ತಿದ್ದೆ.

ಒಂದು ಸಂಜೆ ಕಾಲೇಜಿನಿಂದ ಬಂದವಳು ಹೆಗಲಿನ ಚೀಲವನ್ನೂ ಇಳಿಸದೆ ನನ್ನ ಮಂಚದ ತುದಿಯಲ್ಲಿ ಕುಸಿದು ಕೂತಳು.

"ಮಾಡಿದ್ದೆಲ್ಲಾ ಮಣ್ಣುಪಾಲಾಯ್ತು ಅತ್ತೆ."

ಅವಳ ಗೈಡ್ ಮೇಡಂ ರೋಗಿಗಳ ಸಂದರ್ಶನದ ರೆಕಾರ್ಡಿಂಗುಗಳನ್ನು ಕೂತು ಕೇಳಿದರಂತೆ. ಇದರಲ್ಲಿ ರೋಗಿಗಳ ಮಾತೇ ಇಲ್ಲ, ಬರೀ ನಿಮ್ಮದೇ ಮಾತು ಎಂದರಂತೆ. ಮುಂದಿನ ತಿಂಗಳು ಕೆಲಸ ಎಲ್ಲಿಗೆ ಬಂತೆಂದು ನೋಡುವ ಕಮಿಟಿ ಕೂರುತ್ತದೆ. ಆಗಲೇ ಒಂದು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಾಗಿದೆ. ಇದನ್ನೇ ತೆಗೆದುಕೊಂಡು ಹೋದರೆ ಅವಳ ನೋಂದಣಿಯೇ ರದ್ದು.

"ಅಂಥಾ ತಪ್ಪು ಏನೇ ಮಾಡಿದೆ?"

"ಸಮಾಧಾನ ಮಾಡಿದೆ ಅತ್ತೆ."

ನನಗೆ ಪಿತ್ತ ನೆತ್ತಿಗೇರಿತು. "ಸಮಾಧಾನ ಮಾಡೋದೂ ತಪ್ಪಾ? ಹಾಸಿಗೆ ಹಿಡಿದೋರನ್ನ ಗದರಬೇಕಿತ್ತಾ? ನಿಮ್ಮ ಗೈಡಮ್ಮಂಗೆ ತಲೆ ಕೆಟ್ಟಿದೆ! ಹಾಕು ಆ ರೆಕಾರ್ಡಿಂಗು, ತಪ್ಪು ಯಾರದು ಅಂತ ನಾನು ಹೇಳ್ತೀನಿ."

"ಅವರು ನನ್ನನ್ನ ನಂಬಿ ಆಡಿದ ಮಾತು ಅದು. ಮನೆಯವರಿಗೂ ಕೇಳಿಸೋ ಹಾಗಿಲ್ಲ. ಬೇಕಾದ್ರೆ ನಿಮ್ಮ ಮೇಲೇ ತೋರಿಸ್ತೀನಿ. ಏನಾದ್ರೂ ಭಯ ಇದ್ರೆ ಹೇಳಿ, ನೋಡೋಣ."

ನಾನು ದನಿ ನಡುಗಿಸಿ ನಾಟಕ ಶುರು ಮಾಡಿದೆ. "ಬಚ್ಚಲ ನೆಲ ನೋಡಿದ್ರೆ ನಂಗೆ..."

ಮಾತು ಮುಗಿಯುವುದರೊಳಗೆ ಅವಳ ಕೈ ನನ್ನ ಹೆಗಲ ಮೇಲಿತ್ತು. "ಏನೂ ಆಗಲ್ಲ, ಹೆದರ್ಕೋಬೇಡಿ, ನಾವೆಲ್ಲಾ ಇದೀವಲ್ಲ."

"ಆಯ್ತಮ್ಮ" ಎಂದೆ ನಾನು. ಅಲ್ಲಿಗೆ ಮಾತೇ ನಿಂತುಹೋಯಿತು. ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು ನನಗೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಪಾಪ, ಒಳ್ಳೆಯ ನರ್ಸು ಅವಳು, ತೊಂದರೆ ಇದ್ದದ್ದೇ ಅಲ್ಲಿ.

ಕಮಿಟಿಗೆ ಮುಂಚೆ ಹೊಸ ರೋಗಿಗಳನ್ನು ಕಂಡು ಮತ್ತೆ ಸಂದರ್ಶನ ಮಾಡಬೇಕು, ಅದಕ್ಕೂ ಮುಂಚೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಯಬೇಕು. ಕಲಿಯುವುದಕ್ಕೆ ಮನೆಯಲ್ಲೇ ನಾನಿದ್ದೆನಲ್ಲ.

"ನಿಮ್ಮನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ ಅತ್ತೆ, ಬರೀ ಅಭ್ಯಾಸಕ್ಕೆ."

"ಈ ಮನೇಲಿ ನಾನು ಯಾವತ್ತು ಲೆಕ್ಕಕ್ಕಿದ್ದೆ ಹೇಳು" ಎಂದು ಮೂತಿ ತಿರುವಿ ಒಪ್ಪಿಕೊಂಡೆ.

ಕೈ ನನ್ನ ಹೆಗಲಿಗೆ ಬರಬಾರದೆಂದು ಅವಳು ಎರಡೂ ಕೈಗಳನ್ನು ತೊಡೆಯಡಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಬಚ್ಚಲಲ್ಲಿ ಹುಲಿ ಕೂತಿದೆ ಎಂದರೆ ನಗುತ್ತಿದ್ದಳು. ಸುಮ್ಮನೆ ಒಂದು ನಿಟ್ಟುಸಿರು ಬಿಟ್ಟರೆ ಸಾಕು, "ಏನೂ..." ಎಂದು ನಾಲಿಗೆ ಹೊರಟುಬಿಡುತ್ತಿತ್ತು. "ಮುಚ್ಚೇ ಬಾಯಿ!" ಎಂದು ನಾನು ಕಿರುಚುತ್ತಿದ್ದೆ. "ಅತ್ತೆ ಸೊಸೆ ಜಗಳ ಈಗ ಸಿಲಬಸ್ಸಿಗೂ ಬಂತಾ?" ಎಂದು ಮಗ ಆಚೆ ಕೋಣೆಯಿಂದ ಕೇಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮಗ ಹೊರಗೆ ಹೋಗಿದ್ದ. ಎಂದಿನಂತೆ ಅವಳು ಕೇಳಿದಳು, "ಬಿದ್ದ ದಿನದ ಬಗ್ಗೆ ಹೇಳಿ." ಎಂದಿನಂತೆ ನಾನು ತಮಾಷೆಗೇ ಶುರು ಮಾಡಿದೆ. ಬಿದ್ದೆ, ಕೂಗಿದೆ, ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಹೇಳಿ ನಿಲ್ಲಿಸಿದೆ. ಈಗ ಏನೋ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಎಷ್ಟು ಹೊತ್ತಾದರೂ ಅನ್ನಲಿಲ್ಲ. ಖಾಲಿ ಬಿಟ್ಟ ಆ ಜಾಗಕ್ಕೆ ನನ್ನ ಬಾಯಿಂದ ತಾನಾಗಿ ಮಾತು ಬಂತು.

"ಕಾಲು ನೋವಿಲ್ಲ ಕಣೇ. ಅದು ಹೋಗಿ ಎಷ್ಟೋ ದಿನ ಆಯ್ತು."

ಅವಳು ಮಿಸುಕಲಿಲ್ಲ.

"ಬಿದ್ದಲ್ಲೇ ಬಟ್ಟೇಲೇ ಆಗೋಯ್ತು ನಂಗೆ. ತಡೆಯೋಕಾಗಲಿಲ್ಲ. ಪಕ್ಕದ ಮನೆಯೋನು ಬಂದು ಎತ್ತಿದ. ಬಕೆಟ್ ಉರುಳಿ ನೀರು ಚೆಲ್ತು ಅಂತ ಸುಳ್ಳು ಹೇಳ್ದೆ. ಅವನಿಗೆ ಗೊತ್ತಾಗಲಿಲ್ವಾ? ಮುಖ ಆಚೆ ತಿರುಗಿಸ್ಕೊಂಡಿದ್ದ. ಮತ್ತೆ ಬಿದ್ದು ಸತ್ರೆ ಸಾಯ್ತೀನಿ, ಅದಕ್ಕೆ ಹೆದರಿಕೆ ಇಲ್ಲ. ಇನ್ನೊಬ್ರು ಹಾಗೆ ಮುಖ ತಿರುಗಿಸ್ಬಾರದು, ಅಷ್ಟೇ. ಅದಕ್ಕೇ ಏಳಲ್ಲ ನಾನು."

ಇದನ್ನು ಹೆತ್ತ ಮಗನಿಗೂ ಹೇಳಿರಲಿಲ್ಲ. ಸೊಸೆಯ ಕಣ್ಣಲ್ಲಿ ನೀರು ತುಂಬಿತ್ತು, ಕೈ ಮಾತ್ರ ತೊಡೆಯಡಿಯಲ್ಲೇ ಇತ್ತು. ತುಂಬ ಹೊತ್ತಿನ ಮೇಲೆ, "ಆಮೇಲೆ?" ಎಂದಷ್ಟೇ ಕೇಳಿದಳು. ಆಮೇಲಿನದನ್ನೂ ಹೇಳಿದೆ. ಸಂಜೆಯವರೆಗೂ ಹೇಳಿದೆ.

ಮರುದಿನದಿಂದ ಅವಳು ಆಸ್ಪತ್ರೆಗೆ ಹೋಗತೊಡಗಿದಳು. ಏನು ಕೇಳಿದಳು, ಯಾರು ಏನೆಂದರು, ಒಂದನ್ನೂ ಬಾಯಿ ಬಿಡಲಿಲ್ಲ. ಕಮಿಟಿಯ ದಿನ ಬೆಳಗ್ಗೆ ಅವಳು ಆರಾಮಾಗಿಯೇ ಹೊರಟಳು, ದಿನವಿಡೀ ಗಡಿಯಾರ ನೋಡುತ್ತಾ ಕೂತವಳು ನಾನು. ಸಂಜೆ ಬಂದವಳು ಚಪ್ಪಲಿಯನ್ನು ಎಲ್ಲೋ ಎಸೆದು, ನನ್ನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತು, ನನ್ನ ಮಡಿಲಿಗೆ ತಲೆಯಿಟ್ಟಳು. ರದ್ದೇ ಆಯಿತೇನೋ ಎಂದುಕೊಂಡೆ.

"ಒಪ್ಪಿದ್ರು ಅತ್ತೆ. ಮುಂದುವರಿಸಿ ಅಂದ್ರು."

ಅಬ್ಬಾ! ಎದೆಯ ಮೇಲಿನ ಚಪ್ಪಡಿ ಎತ್ತಿಟ್ಟ ಹಾಗಾಯಿತು. ಕಮಿಟಿಯ ಅಧ್ಯಕ್ಷರು ಭಾರಿ ಸಿಡುಕ, ಎಲ್ಲರೂ ಹೆದರುವ ಮನುಷ್ಯ. ಪುಟಪುಟಕ್ಕೂ 'ಮೌನ' 'ಮೌನ' ಅಂತ ಬರೆದಿದ್ದೀರಲ್ಲ, ಏನಿದು ಎಂದು ರೇಗಿದರಂತೆ. ನಾನು ಬಾಯಿ ಮುಚ್ಚಿಕೊಂಡು ಕೂತ ಜಾಗ ಸಾರ್ ಅದು ಎಂದಳಂತೆ ಇವಳು. ಪ್ರತಿ ಮೌನದ ಕೆಳಗೂ ಏನಿದೆಯೆಂದು ಅವರು ಓದುತ್ತಾ ಹೋದರಂತೆ. ಕೊನೆಗೆ, ಹಳೆಯ ಸಂದರ್ಶನಗಳನ್ನೂ ತಿರುವಿ ನೋಡಿ, ಇವನ್ನೂ ನೀವೇ ಮಾಡಿದ್ದಾ ಎಂದು ನಂಬಲಾರದೆ ಕೇಳಿದರಂತೆ.

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ದನಿ ಇಳಿಸಿ ಕೇಳಿದೆ.

"ಲೇ, ಅವರಲ್ಲಿ ಯಾರಾದ್ರೂ... ನನ್ನ ಹಾಗೆ...?"

"ಯಾರು ಏನಂದ್ರು ಅಂತ ಹೇಳೋ ಹಾಗಿಲ್ಲ ಅತ್ತೆ." ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. "ಆದ್ರೆ ನೀವೊಬ್ರೇ ಅಲ್ಲ."

ನಾನೊಬ್ಬಳೇ ಅಲ್ಲ. ಆ ಮಾತು ಕಿವಿಗೆ ಬಿದ್ದದ್ದೇ, ಇಷ್ಟು ದಿನ ಬಿಗಿಹಿಡಿದದ್ದೆಲ್ಲ ಸಡಿಲಾಗಿ ಕೂತಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಅವಳೂ ಅತ್ತಳು. ಅಷ್ಟರಲ್ಲಿ ಮಗ ಬಂದ. ನಮ್ಮಿಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತ.

"ಹೋಯ್ತಾ ಪಿಎಚ್‌ಡಿ?"

"ಥೂ, ಬಿಡ್ತು ಅನ್ನು! ಗೆದ್ದು ಬಂದಿದಾಳೆ ಕಣೋ. ಕೈಕಾಲು ತೊಳ್ಕೊಂಡು ಬಾ, ಇವತ್ತು ನಾನು ಬಡಿಸ್ತೀನಿ."

ಎದ್ದು ವಾಕರ್ ಹಿಡಿದೆ. ಮಗ ತೋಳು ಕೊಡಲು ಓಡಿ ಬಂದ. ಬೇಡ ಎಂದೆ.