ಕೊಂಬು ತರುವವನು

"ಅಲ್ಲೇ ಸುರಿಯೋ! ಮೆಟ್ಲು ಹತ್ರ ಬಂದ್ಯೋ, ಅದೇ ಕೊಂಬಲ್ಲಿ ತಿವೀತೀನಿ, ಬೋಳಿಮಗನೆ."

ಸೀತಾರಾಮಯ್ಯನವರು ಪಂಚೆಯ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದರು. ನಾನು ತಲೆಯ ಮೇಲಿನ ಚೀಲವನ್ನು ಹಲಸಿನ ಮರದ ಬುಡಕ್ಕೆ ಸುರಿದೆ. ಎಲ್ಲಾ ಹಸುವಿನ ಕೊಂಬುಗಳು. ಕೆರೆಕಟ್ಟೆಯಿಂದ ಬೇಗಾರಿನವರೆಗೆ ಎಲ್ಲಿ ಹಸು ಸತ್ತರೂ ಹೋಗಿ ಕತ್ತರಿಸಿ, ಹದಿನೈದು ದಿನ ಕೆಸರಿನಲ್ಲಿ ಹೂತು, ಒಳಗಿನ ಮೂಳೆ ಕೊಳೆತು ಕಳಚಿದ ಮೇಲೆ ಹೊಳೆಯಲ್ಲಿ ಉಜ್ಜಿ ತಂದವು. ಕರು ಹಾಕಿದ ಹಸುವಿನದೇ ಆಗಬೇಕು. ಬುಡದ ಉಂಗುರ ನೋಡಿ ಎಷ್ಟು ಕರು ಹಾಕಿತ್ತು ಅಂತ ನಾನು ಹೇಳಬಲ್ಲೆ.

ಎನ್.ಆರ್.ಪುರದಿಂದ ಆಚೆ, ಭದ್ರೆಯ ಹಿನ್ನೀರಿಗೆ ಮುಖ ಮಾಡಿದ ಗುಡ್ಡದಲ್ಲಿ ಅಯ್ಯನವರ ದ್ರಾಕ್ಷಿ ತೋಟ. ಮಳೆಗೆ ಹಣ್ಣು ಕೊಳೆಯದಿರಲಿ ಅಂತ ಬಳ್ಳಿಗಳ ಮೇಲೆ ಪ್ಲಾಸ್ಟಿಕ್ಕಿನ ಮಾಡು ಹೊದಿಸಿದೆ. ಅಂಗಡಿಯ ಗೊಬ್ಬರ, ಔಷಧಿ ಗೇಟಿನ ಒಳಗೆ ಬರುವಂತಿಲ್ಲ. ನವರಾತ್ರಿ ಕಳೆದ ಮೇಲೆ ಕೊಂಬಿಗೆ ಸಗಣಿ ತುಂಬಿ ಹೂಳಬೇಕು. ಶಿವರಾತ್ರಿ ಹೊತ್ತಿಗೆ ತೆಗೆದರೆ ಅದು ಕಾಡುಮಣ್ಣಿನ ಹಾಗೆ ಘಮಘಮ. ಅದನ್ನು ನೀರಿಗೆ ಹಾಕಿ ಗಂಟೆಗಟ್ಟಲೆ ತಿರುವಿ ಬಳ್ಳಿಗೆ ಚಿಮುಕಿಸುವವನೂ ನಾನೇ. ಆ ಹಣ್ಣಿನದೇ ಬುಸ್ ಅನ್ನುವ ನೊರೆ ವೈನು. ಅದು ಇರುವುದು ನೆಲಮಾಳಿಗೆಯಲ್ಲಿ. ನಾನು ಇಳಿಯಬಾರದ ಮೆಟ್ಟಿಲು ಅದರದು.

"ಅಯ್ಯಾ, ಮಳೆಗಾಲಕ್ಕೆ ಕೆಳಗೆ ಇನ್ನೊಂದಾಳು ಬೇಕು ಅಂದಿದ್ರಲ್ಲ. ನನ್ನೇ ಹಾಕ್ಕಳಿ" ಅಂದೆ.

"ಸತ್ತ ದನ ಮುಟ್ಟೋನು ಬಾಟ್ಲಿ ಮುಟ್ತೀಯಾ?"

"ಕೊರಗನೂ ನಮ್ ಕೇರಿಯೋನೇ ಅಲ್ವಾ?"

"ಅವ್ನು ಅದೆಲ್ಲ ಬಿಟ್ಟು ಮೂರು ವರ್ಷ ಆಯ್ತು ಮಾರಾಯ. ಮಿಂದು ಮಡಿಯಾಗಿ ಬರ್ತಾನೆ."

"ನಾನೂ ಬಿಡ್ತೀನಿ."

"ನೀನು ಬಿಟ್ರೆ ಕೊಂಬು ಯಾರು ತರ್ತಾರೆ? ನಿನ್ನಪ್ಪ ಬರ್ತಾನಾ ಗುಂಡಿಯಿಂದ ಎದ್ದು?"

ಜೂನ್ ಹಿಡಿದರೆ ನಾಲ್ಕು ತಿಂಗಳು ತೋಟದಲ್ಲಿ ಕೆಲಸವಿಲ್ಲ. ನೆಲಮಾಳಿಗೆಯ ಆಳಿಗೆ ಮಾತ್ರ ವರ್ಷವಿಡೀ ಕೆಲಸ, ಮಧ್ಯಾಹ್ನದ ಊಟ. ಆ ಆಳು ಕೊರಗ, ನನ್ನ ಹೆಂಡತಿಯ ಅಣ್ಣ. ಇನ್ನೊಬ್ಬನನ್ನು ಕೊಪ್ಪದಿಂದ ಕರೆಸುತ್ತಾರಂತೆ.

ಸಂಜೆ ಕೊರಗ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಅವನಿಗೆ ಚಾಪೆ ಹಾಸಿದಳು. ನಾನು ಬಂದಾಗ "ಹೊರಗೇ ಕೈಕಾಲು ತೊಳ್ಕಾ" ಅಂದವಳು, ಅವನ ಕೈ ಹಿಡಿದು ಮೂಸಿ ನೋಡಿ, "ಎಂತಾ ಸೋಪೋ ಅಣ್ಣ, ಮಲ್ಲಿಗೆ ಇದ್ದಂಗೈತೆ" ಅಂತ ನಕ್ಕಳು. ನಾನು ಹೊರಗೆ ಹೋಗಿ ಇನ್ನೊಂದು ಸಲ ಕೈ ತೊಳೆದು ಬಂದೆ.

"ಭಾವ, ಅಯ್ಯಂಗೆ ನನ್ ವಿಷ್ಯ ಒಂದ್ ಮಾತು ಹೇಳಾ" ಅಂದೆ.

"ನಂಗೇ ಹಗ್ಗದ ಮೇಲೆ ನಡ್ದಂಗೈತೆ ಕಣಾ. ಬಾಟ್ಲಿ ಅಂದ್ರೆ ಸುಮ್ನೆ ಅಲ್ಲ. ದಿನಾ ಒಂದೊಂದ್ನೂ ಒಂಚೂರೇ ತಿರುಗಿಸ್ಬೇಕು, ಎಂಟರಲ್ಲೊಂದು ಸುತ್ತು. ಆಗ ಗಸಿ ಎಲ್ಲ ಬಾಯಿಗೆ ಇಳೀತೈತೆ. ನೀನು ಬಂದ್ರೆ ವೈನೂ ನಾತ ಹೊಡೀತೈತೆ ಬಿಡು."

ಅಣ್ಣ ತಂಗಿ ಇಬ್ಬರೂ ನಕ್ಕರು. ಸಾರಿನಲ್ಲಿದ್ದ ದೊಡ್ಡ ಮೀನಿನ ತುಂಡು ಅವನ ತಟ್ಟೆಗೆ ಹೋಯಿತು.

ಮರುದಿನ ಸಾವಯವ ಸರ್ಟಿಫಿಕೇಟು ಕೊಡುವ ಸಾಹೇಬರು ಕಾರಿನಲ್ಲಿ ಬಂದರು. ಅಯ್ಯನವರು ನನ್ನನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸಿದ್ದರು. ಸಂದಿಯಿಂದ ಎಲ್ಲಾ ಕಾಣುತ್ತಿತ್ತು. ಅಯ್ಯನವರ ಮಗಳು ಶಾಂಭವಿ ಮಡಕೆಯಿಂದ ಕೊಂಬಿನ ಗೊಬ್ಬರವನ್ನು ಬರಿಗೈಯಲ್ಲೇ ತೆಗೆದು ಕೊಟ್ಟಳು. ಸಾಹೇಬರು ಅದನ್ನು ಮೂಗಿನ ತನಕ ಒಯ್ದು ಕಣ್ಣು ಮುಚ್ಚಿದರು.

"ಆಹಾ! ಇದನ್ನ ತಯಾರು ಮಾಡೋದು ಯಾರು?"

ಅಯ್ಯನವರು ಆಚೀಚೆ ನೋಡಿದರು. "ಏ ಕೊರಗಾ, ಬಾರೋ ಇಲ್ಲಿ" ಅಂತ ನೆಲಮಾಳಿಗೆಯ ಕಡೆಗೆ ಕೂಗಿದರು. ಅವನು ಕೈಯೊರೆಸಿಕೊಳ್ಳುತ್ತಾ ಮೇಲೆ ಬಂದ. "ಇವ್ನೇ ಸಾರ್. ನಮ್ಮ ಮನೆಯವನ ಥರ."

ಅಂತ ಹೇಳಿ ಅವನ ಹೆಗಲ ಮೇಲೆ ಕೈ ಹಾಕಿದರು. ಸಾಹೇಬರು ಮೊಬೈಲಿನಲ್ಲಿ ಫೋಟೋ ಹೊಡೆದರು. ಕೊರಗ ಹಲ್ಲು ಕಿರಿದ. ನಾನಲ್ಲ, ಇದು ನನ್ನ ಭಾವ ಗಿಡ್ಡಯ್ಯ ಮಾಡಿದ್ದು ಅಂತ ಅವನ ಬಾಯಿಂದ ಬರಲಿಲ್ಲ. ನಾನು ನೋಡುತ್ತಿದ್ದದ್ದು ಆ ಕೈಯನ್ನೇ. ನಲವತ್ತು ವರ್ಷದಲ್ಲಿ ನನ್ನ ಹೆಗಲ ಮೇಲೆ ಯಾವ ಅಯ್ಯನ ಕೈಯೂ ಕೂತಿರಲಿಲ್ಲ, ಹೊಡೆಯುವಾಗಲೂ ಅವರು ಕೋಲಿನಲ್ಲೇ ಹೊಡೆಯುವುದು.

ಎಲ್ಲರೂ ಬಳ್ಳಿಯ ಸಾಲಿಗೆ ಹೋದಾಗ ನಾನು ಮೆಟ್ಟಿಲು ಇಳಿದೆ.

ಒಳಗೆ ತಂಪು. ತೂತು ಕೊರೆದ ಹಲಗೆಗಳಲ್ಲಿ ಬಾಟಲಿಗಳು ತಲೆಕೆಳಗಾಗಿ ನಿಂತಿದ್ದವು. ಪ್ರತಿಯೊಂದರ ತಳದಲ್ಲೂ, ಎಷ್ಟು ತಿರುಗಿತು ಅಂತ ಗೊತ್ತಾಗಲು, ಸೀಮೆಸುಣ್ಣದ ಒಂದು ಗೆರೆ. ಕೊರಗ ಅರ್ಧಕ್ಕೇ ಬಿಟ್ಟು ಮೇಲೆ ಹೋಗಿದ್ದ. ಅವನು ಬಿಟ್ಟಲ್ಲಿಂದ ನಾನು ಹಿಡಿದೆ. ಎರಡು ಕೈ, ಎರಡು ಬಾಟಲಿ, ಒಂಚೂರು ತಿರುವು. ಒಂದು ಸಾಲು ಮುಗಿಯಿತು. ಇನ್ನೊಂದು ಸಾಲು.

"ಹಾಳಾಗ್ಹೋಯ್ತು!"

ಅಯ್ಯನವರು ಮೆಟ್ಟಿಲ ಮೇಲಿದ್ದರು, ಹಿಂದೆ ಕೊರಗ. ಸಾಹೇಬರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹಲ್ಲು ಕಡಿದರು. "ಯಾವ್ಯಾವ್ದು ಮುಟ್ಟಿದ್ಯೋ ರಂಡೆಮಗನೆ?"

"ಕೈ ಹೋದಲ್ಲೆಲ್ಲಾ ಮುಟ್ಟೀನಿ."

"ಕೊರಗಾ, ನೀನು ಎಲ್ಲಿಗೆ ಬಿಟ್ಟಿದ್ದೆ? ಅದ್ರಿಂದಾಚೆ ಗೆರೆ ತಿರುಗಿದ್ದೆಲ್ಲ ಇವ್ನು ಮುಟ್ಟಿದ್ದು. ತೆಗ್ದು ಹೊರಗೆ ಚೆಲ್ಲು."

ಕೊರಗ ಸಾಲಿನುದ್ದಕ್ಕೂ ಬಗ್ಗಿ ನೋಡಿದ. ಅವನ ಕಣ್ಣು ಸರಿಯಾಗಿ ನಾನು ಶುರು ಮಾಡಿದಲ್ಲೇ ನಿಂತಿತು. ತೋರಿಸು, ತೋರಿಸಿ ಇನ್ನೊಂದು ಸಲ ಹೆಗಲು ತಟ್ಟಿಸಿಕೋ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಸರಿಯಾಗೇ ತಿರುಗ್ಸವ್ನೆ ಅಯ್ಯ" ಅಂದ.

"ಅದಲ್ಲ ಕೇಳಿದ್ದು! ಎಲ್ಲಿಗೆ ಬಿಟ್ಟಿದ್ದೆ?"

"ಮರ್ತೋಯ್ತು."

"ಗೆರೆ ನೋಡಿ ಹೇಳು, ಇಲ್ಲಾಂದ್ರೆ ನೀನೂ ಅವ್ನ ಜತೆ ದನ ಸುಲಿಯೋಕೆ ಹೋಗು."

ಕೊರಗ ಕೈ ಚಾಚಿದ. ಬೆವೆತ ಅಂಗೈಯನ್ನು ಬಾಟಲಿಯೊಂದರ ತಳಕ್ಕೆ ಒತ್ತಿ ಗೆರೆಯನ್ನು ಒರೆಸಿದ. ಅದರ ಪಕ್ಕದ್ದನ್ನೂ ಒರೆಸಿದ. ಆಮೇಲೆ ನಿಲ್ಲದೆ ಸಾಲಿನುದ್ದಕ್ಕೂ ಒರೆಸುತ್ತಾ ಹೋದ.

ನನ್ನ ಹೊಟ್ಟೆ ಉರಿಯಿತು. ಇದನ್ನೂ ಅವನೇ ಮೊದಲು ಮಾಡಿಬಿಟ್ಟನಲ್ಲ!

ಅಂಗೈಗೆ ಉಗುಳಿಕೊಂಡು ನಾನು ಎದುರಿನ ಸಾಲಿನ ಗೆರೆಗಳತ್ತ ಹೋದೆ.