ಸೋಗೆ ಮರೆಯ ದೀಪ

ಒಂದು ಬಿಳಿ, ಒಂದು ಹಳದಿ, ಇವೆ, ಇನ್ನೂ ಇವೆ, ಪಕ್ಕದ ಕನ್ನಡಿಯ ಕೆಳಮೂಲೆಯಲ್ಲಿ ಹುಣಿಸೆಬೀಜದಷ್ಟಾಗಿ ನಡುಗುತ್ತ ಬರುತ್ತಿವೆ, ವೈಪರ್ ಗಾಜಿನ ಮೇಲೆ ಕರಕರ ಹೋಗಿ ಬಂತು, ಶ್ರೀಪತಿ ರಸ್ತೆ ನೋಡಿದ, ಮತ್ತೆ ಕನ್ನಡಿ ನೋಡಿದ, ಇವೆ – ಆ ಹಳದಿಯದು ನಿನ್ನೆ ಹ್ಯೂಸ್ಟನ್ನಿನಲ್ಲಿ ತಾನೇ ಕೂರಿಸಿದ ಬಲ್ಬು, ಅಲ್ಲಿ ಕಾಲೇಜು ಓದುವ ಮಗಳ ಪುಟ್ಟ ಕಾರಿನ ಒಂದು ದೀಪ ಸುಟ್ಟು ವಾರವಾಗಿತ್ತಂತೆ, ಅವಳು ಹೇಳಿರಲಿಲ್ಲ, ಹೊಸದು ಹಾಕಿ ಹೊತ್ತಿಸಿ ನೋಡಿದರೆ ಎರಡಕ್ಕೂ ಬಣ್ಣವೇ ಬೇರೆ, ಇಟ್ ಲುಕ್ಸ್ ಸಿಕ್, ಅಪ್ಪಾ, ಎಂದು ನಕ್ಕಳು ಪ್ರಗತಿ, ಒಂದ್ ಕಣ್ಣಿಗೆ ಕಾಮಾಲಿ ಆಗೇತಿ ಅಂತ ತಿಳಕೋ, ಅಂದಿದ್ದ ಅವನು, ದಾರಿ ಕಾಣಸ್ತೈತಿಲ್ಲೋ, ಅಷ್ಟ ಸಾಕು. ಈಗ ಆ ಕಾಮಾಲೆಗಣ್ಣೇ ಅವನಿಗೆ ಆಧಾರ, ಹಿಂದೆ ಬರುತ್ತಿರುವುದು ತನ್ನ ಮಗಳೇ ಎಂದು ಗೊತ್ತಾಗುವುದು ಅದರಿಂದ, ಬೇರೆ ಗುರುತೇ ಇಲ್ಲ, ಮಧ್ಯಾಹ್ನ ನಾಲ್ಕು ಗಂಟೆಗೇ ಆಕಾಶ ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆಯ ತಳದಂತಾಗಿದೆ, ಬೀಳುತ್ತಿರುವುದು ಹಿಮವಲ್ಲ, ಆಲಿಕಲ್ಲೂ ಅಲ್ಲ, ನೋಡಲಿಕ್ಕೆ ಬರೀ ಮಳೆ, ಆದರೆ ಬಿದ್ದಲ್ಲೇ ಗಾಜಾಗುವ ಮಳೆ, ಬೇಲಿಯ ತಂತಿ ಆಗಲೇ ಹೆಬ್ಬೆರಳು ದಪ್ಪ, ಹುಲ್ಲು ಬೆಳ್ಳಗೆ ನೆಟ್ಟಗೆ ನಿಂತಿದೆ, ಇನ್ನೂ ಎಲ್ಗಿನ್ ದಾಟಬೇಕು, ಅಲ್ಲಿಂದ ಫ್ಲೂಗರ್‌ವಿಲ್ಲಿಗೆ ಮನೆಗೆ ಅರ್ಧ ಗಂಟೆಯ ದಾರಿ, ಇವತ್ತು ಎಷ್ಟಾಗುತ್ತದೋ, ಒಂದು ಬಿಳಿ, ಒಂದು ಹಳದಿ.

ತನ್ನ ಗಾಡಿಯ ಚಿಂತೆ ಅವನಿಗಿಲ್ಲ. ಹಿಂದೆ ಜೋಡಿಗಾಲಿಯ ಡೀಸೆಲ್ ಟ್ರಕ್ಕು, ನಾಲ್ಕೂ ಮೂಲೆಗೆ ಎಂಜಿನ್ನಿನ ಎಳೆತ, ಏಳು ವರ್ಷದ ಹಿಂದೆ ಡಾಲಸ್ಸಿನ ಹತ್ತಿರ ಫಾರ್ಮರ್ಸ್ ಬ್ರಾಂಚಿನಲ್ಲಿ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಇದನ್ನು ನೋಡಿ ನಿಂತವನು ನಿಂತೇಬಿಟ್ಟಿದ್ದ, ಏನ್ರೀ ಇದು, ಕಂಪ್ಯೂಟರ್ ಚಿಪ್ ಮಾಡೋ ಕಂಪನಿಗೆ ಹೋಗಿಬರೋ ಮನುಷ್ಯನಿಗೆ ಲಾರಿ ಯಾಕೆ, ಅಂದಿದ್ದಳು ರಾಜಲಕ್ಷ್ಮಿ, ಯಾಕೆ ಎಂದು ಅವನಿಗೂ ಹೇಳಲು ಬಂದಿರಲಿಲ್ಲ, ಮುಧೋಳದ ಕಡೆಯವನು, ಕಬ್ಬಿನ ಗಾಡಿಯ ಮೂಕಿಯ ಮೇಲೆ ಕೂತು ದೊಡ್ಡವನಾದವನು, ಎತ್ತರದಲ್ಲಿ ಕೂತು ಹೋದರೆ ಮಾತ್ರ ದಾರಿ ತನ್ನದು ಅನ್ನಿಸುತ್ತದೆ, ಅದನ್ನು ಮೈಸೂರಿನ ಹೆಂಡತಿಗೆ ಹೇಗೆ ಹೇಳುವುದು. ಆಮೇಲೆ ಒಂದೊಂದಾಗಿ ಮಾಡಿಸಿದ, ಮುಂದೆ ಕಬ್ಬಿಣದ ಕಟಾಂಜನ, ಗಾಲಿಯ ಹಿಂದೆ ಕೆಸರು ತಡೆಯುವ ರಬ್ಬರು, ಚಳಿಗೆ ಎಂಜಿನ್ ಬೆಚ್ಚಗಿಡುವ ಕರೆಂಟಿನ ಸುರುಳಿ, ಅದರ ವಯರು ಮೂತಿಯಿಂದ ಹೊರಗೆ ಜೋತುಬಿದ್ದಿರುತ್ತಿತ್ತು, ರಾತ್ರಿ ಅದನ್ನು ಮನೆಯ ಗೋಡೆಗೆ ಸಿಕ್ಕಿಸುವುದು, ಬೆಳಿಗ್ಗೆ ರಾಜಲಕ್ಷ್ಮಿ ಕಾಫಿ ಕೊಡುತ್ತ, ಹಗ್ಗ ಬಿಚ್ಚಿದ್ರಾ, ಎಂದು ಕೇಳುವುದು, ಒಂದು ಸಲ ಬಿಚ್ಚದೆಯೇ ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತುಕೊಂಡು ಹೋಗಿದ್ದ. ಹಿಂದಿನ ಬಾಗಿಲ ಮೇಲೆ ಊರಿನ ಲಾರಿಗಳಿಗೆ ಬರೆಯುವ ಹಾಗೆ ಕೆಂಪು ನೆರಳಿನ ಹಳದಿ ಅಕ್ಷರದಲ್ಲಿ ಅವ್ವನ ಹೆಸರು, ಶಾಂತವ್ವ, ತಾನೇ ಕುಂಚ ಹಿಡಿದು ಎರಡು ಭಾನುವಾರ ಕೂತು ಬರೆದದ್ದು. ಮತ್ತೆ ಕ್ಯಾಬಿನ ನೆತ್ತಿಯ ಮೇಲೆ ಐದು ಕಿತ್ತಳೆ ದೀಪ, ಹಿಂದಕ್ಕೂ ಮುಂದಕ್ಕೂ ಕಾಣುವಂಥವು, ಕಾಲ ಹತ್ತಿರ ಅದರದೇ ಒಂದು ಸ್ವಿಚ್ಚು – ಅದನ್ನು ಮುಟ್ಟಿ ನಾಲ್ಕೈದು ವರ್ಷವಾಯಿತು, ಹೈಸ್ಕೂಲಿನಲ್ಲಿ ಗೆಳತಿಯರ ಎದುರು ಸರ್ಕಸ್ ಥರ ಕಾಣ್ತೀಯ ಎಂದು ಪ್ರಗತಿ ಅತ್ತ ದಿನದಿಂದ ಹೊತ್ತಿಸಿಲ್ಲ. ಚಳಿಗಾಲ ಬಂತೆಂದರೆ ಹಿಂದಿನ ಅಚ್ಚಿನ ನೇರಕ್ಕೆ ಆರು ಮರಳಿನ ಚೀಲ, ಖಾಲಿ ಟ್ರಕ್ಕಿನ ಹಿಂಭಾಗ ಹಗುರ, ಹಗುರಾದದ್ದು ಮಂಜಿನ ಮೇಲೆ ಮುಂದಿನದನ್ನು ಹಿಂದಿಕ್ಕಲು ನೋಡುತ್ತದೆ, ಇದೆಲ್ಲ ಗೊತ್ತು, ಗಾಲಿಯ ಗಾಳಿ, ಅಚ್ಚಿನ ಭಾರ, ಬ್ರೇಕು ಮೆಟ್ಟದೆ ಗೇರಿನಲ್ಲೇ ನಿಲ್ಲಿಸುವುದು, ಗೊತ್ತಿರುವವನೆಂದೇ ಹೊರಟದ್ದಲ್ಲವೇ.

ಹೊರಡಬಾರದಿತ್ತು. ಡಾಲಸ್ಸಿನ ಪಕ್ಕದ ಪ್ಲೇನೋದಿಂದ ನಾದಿನಿ ವಸುಧಾ ಬೆಳಿಗ್ಗೆಯೇ ಫೋನು ಮಾಡಿದ್ದಳು, ಭಾವ, ಇಲ್ಲಿ ಡ್ರೈವ್‌ವೇ ಎಲ್ಲ ಗ್ಲಾಸ್ ಆಗಿದೆ, ಅಲ್ಲಿಗೂ ಬರುತ್ತಂತೆ, ಇವತ್ತು ಅಲ್ಲೇ ಇದ್ಬಿಡಿ, ಅಂದಳು, ಹ್ಯೂಸ್ಟನ್ನಿನಲ್ಲಿ ಆಗ ಬರೀ ತುಂತುರು, ನಿನ್ನ ಉತ್ತರದ ಥಂಡಿ ಇಲ್ಲಿಗೆ ಬರೂದರಾಗ ನಾವು ಮನೀ ಮುಟ್ಟಿರ್ತೀವಿ, ಎಂದು ನಕ್ಕವನು ಯಾರು. ನಾಳೆ ಸಂಕ್ರಾಂತಿ, ಫ್ಲೂಗರ್‌ವಿಲ್ಲಿನ ಶಾಲೆಯ ಹಾಲಿನಲ್ಲಿ ಇಪ್ಪತ್ತೈದು ಮನೆಯವರು ಸೇರುತ್ತಾರೆ, ಎಳ್ಳು ಬೀರುವವರು, ಕಬ್ಬು ತರುವವನು ಪ್ರತಿ ವರ್ಷ ಶ್ರೀಪತಿ, ಹ್ಯೂಸ್ಟನ್ನಿನ ಸಂತೆಗೆ ದಕ್ಷಿಣದ ಕಣಿವೆಯಿಂದ ಬರುವ ಆಳೆತ್ತರದ ಕಬ್ಬು, ಗರಿ ಸಮೇತ, ತುಂಡು ಮಾಡಿದ್ದು ಅಂಗಡಿಯಲ್ಲೂ ಸಿಗುತ್ತದೆ, ಗರಿ ಇಲ್ಲದ ಕಬ್ಬು ಕಬ್ಬೇ ಅಲ್ಲ. ಇನ್ನೊಂದು, ಅದನ್ನು ನೆನೆಯಬಾರದು – ಕಾರ್ ಇಲ್ಲೇ ಬಿಟ್ಟು ನಿನ್ ಜೊತೆ ಬರ್ಲಾ ಅಪ್ಪಾ, ಎಂದು ಅವಳು ಕೇಳಿದ್ದಳು, ಬ್ಯಾಡ, ಮನ್ಯಾಗ ಆಯಿಲ್ ಬದಲಿ ಮಾಡಿ ಕೊಡ್ತೀನಿ, ತಗೊಂಡ ಬಾ, ಎಂದ, ಆಯಿಲ್ಲಿಗೋಸ್ಕರ, ಒಂದು ಡಬ್ಬಿ ಆಯಿಲ್ಲು.

ಗಿಡಿಂಗ್ಸ್ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಮಳೆ ಮೊದಲ ಸಲ ಕರಕರ ಅಂದಿತ್ತು. ಅಲ್ಲಿ ಅವಳ ಕಿಟಕಿಗೆ ಬಾಗಿ ಪಾಠ ಹೇಳಿದ, ನನ್ನ ಗಾಲೀ ಗುರುತಿನ್ಯಾಗ ಬಾ, ನನ್ನ ಹಿಂದಿನ ಕೆಂಪು ದೀಪ ಅಷ್ಟ ನೋಡು, ಅದು ಹತ್ತಿತಂದ್ರ ಕಾಲು ತಗೀ, ಬ್ರೇಕ್ ಒತ್ತಬ್ಯಾಡ, ಬರೇ ಕಾಲು ತಗೀ, ನಿಲ್ಲೂದ ಆಗಲಿಲ್ಲ ಅಂದ್ರ ಹುಲ್ಲಿಗೆ ಇಳಿಸು, ಹುಲ್ಲು ಹಿಡಿತೈತಿ, ಡಾಂಬರು ಹಿಡಿಯಂಗಿಲ್ಲ, ಮತ್ತ ಫೋನ್ ಮುಟ್ಟಬ್ಯಾಡ, ನಾನ ಮಾಡಿದ್ರೂ ಎತ್ತಬ್ಯಾಡ. ಐ ನೋ, ಅಪ್ಪಾ, ನಾನು ಮಗು ಅಲ್ಲ, ಅಂದಳು, ಬೆರಳನ್ನು ಹೀಟರಿಗೆ ಹಿಡಿದು ಕೂತಿದ್ದಳು, ಅವಳಜ್ಜಿಯದೇ ಬೆರಳು, ಗೆಣ್ಣು ದಪ್ಪ. ಹಿಂದೆ ಕಬ್ಬಿಗೆ ಹೊದಿಸಿದ್ದ ಟಾರ್ಪಾಲು ಗಾಳಿಗೆ ಹಾಯಿಯ ಹಾಗೆ ಉಬ್ಬಿ ಟ್ರಕ್ಕನ್ನೇ ಎಳೆಯುತ್ತಿತ್ತು, ಅದನ್ನು ಬಿಚ್ಚಿ ಮಡಚಿ ಸೀಟಿನ ಹಿಂದೆ ತುರುಕಿದ, ಕಬ್ಬಿಗೆ ಹಗ್ಗ ಬುಡದಲ್ಲಷ್ಟೇ ಬಿಗಿದ, ಮೇಲೆ ಬಿಗಿದರೆ ಗರಿ ಮುರಿಯುತ್ತವೆ, ಸ್ವಲ್ಪ ಕಟ್ ಮಾಡು, ಎಲ್ಲ ಹೊರಗೆ ಬಂದಿದೆ ನೋಡು, ಅಂದಳು ಕಿಟಕಿಯಿಂದ, ಏ, ಪೂಜೀದು, ಗರಿ ಕಡದ್ರ ನಿಮ್ಮಮ್ಮ ನನ್ನ ಕಡದಾಳು, ಎಂದ. ನಕ್ಕಳು. ಕಿಟಕಿ ಏರಿತು. ಒಂದು ಬಿಳಿ, ಒಂದು ಹಳದಿ.

ಮುಂದೆ ರಸ್ತೆ ಬಾಗಿದೆ, ಶ್ರೀಪತಿ ಬ್ರೇಕನ್ನು ಹೆಬ್ಬೆರಳಿನಲ್ಲಿ ಸವರಿದಷ್ಟೇ ಮುಟ್ಟಿದ, ಕನ್ನಡಿ ನೋಡಿದ, ಗಿಡಿಂಗ್ಸಿನವರೆಗೂ ಹೀಗೆ ಮುಟ್ಟಿದಾಗಲೆಲ್ಲ ಆ ದೀಪಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದವು, ಜಾಣೆ, ಅಂತರ ಬಿಟ್ಟೇ ಬರುತ್ತಾಳೆ ಅಂದುಕೊಳ್ಳುತ್ತಿದ್ದ – ಸರಿಯಲಿಲ್ಲ. ಹತ್ತಿರ ಬಂದವು, ನಿಂಬೆಹಣ್ಣಿನಷ್ಟಾದವು, ಆಮೇಲೆ ತಡಬಡಿಸಿ ಹಿಂದೆ ಬಿದ್ದವು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ಸರಿಹೋದವು, ಅವನ ಅಂಗೈ ಸ್ಟಿಯರಿಂಗಿಗೆ ಅಂಟಿತು, ಏನಾಯಿತು, ನೋಡಲಿಲ್ಲವೇ, ಫೋನು ಹಿಡಿದಿದ್ದಾಳೆಯೇ, ಹಾಡು ಬದಲಿಸುತ್ತಿದ್ದಳೇ, ನೋಡು ಅಂದಿದ್ದೆನಲ್ಲ, ಕೆಂಪು ದೀಪ ಅಷ್ಟೇ ನೋಡು ಎಂದು – ದೀಪಾ ಮ್ಯಾಲ ಕಟ್ಟಬ್ಯಾಡೋ ಶಿರಿಪತಿ, ಇದು ಯಾವ ದನಿ, ಅವ್ವನದು, ಇಲ್ಲಿ, ಈ ಮಂಜಿನಲ್ಲಿ, ದೀಪಾ ಅಚ್ಚಿನ ಕೆಳಗ ಕಟ್ಟು, ಕಬ್ಬು ಹೇರಿದ ಗಾಡಿ ಇದು, ಮ್ಯಾಲ ಕಟ್ಟಿದ್ರ ಸೋಗಿ ಮುಚ್ಚತೈತಿ, ಹಿಂದಿನ ಗಾಡಿಯಾಕಿಗೆ ಏನ್ ಕಂಡೀತು. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಗಾಡಿಗಳ ಸಾಲು, ಬೆಳಕು ಹರಿಯುವ ಮೊದಲಿನ ಮಬ್ಬು, ಮುಂದಿನ ಗಾಡಿ ಅವನದು, ಹಿಂದಿನದು ಅವ್ವನದು, ಗಾಡಿಯ ಹಿಂಬದಿಗೆ ಪೊರಕೆಯ ಹಾಗೆ ಇಳಿಬಿದ್ದ ಕಬ್ಬಿನ ಗರಿ, ಸೋಗೆ, ಅದರ ಕೆಳಗೆ ನೆಲಕ್ಕೆ ಮೊಳದೆತ್ತರದಲ್ಲಿ ತೂಗುವ ಕಂದೀಲು, ಗಾಡಿ ಹೂಡುವ ಮೊದಲು ಅವಳು ಬಗ್ಗಿ ಅದನ್ನೊಮ್ಮೆ ಮುಟ್ಟಿ ನೋಡದೆ ಅವನನ್ನು ಮೂಕಿ ಏರಲು ಬಿಟ್ಟವಳಲ್ಲ. ಅವಳ ಹೆಸರು ಬರೆದಿದ್ದಾನೆ, ಬಣ್ಣ ಬಣ್ಣದಲ್ಲಿ, ಹಿಂದಿನ ಬಾಗಿಲಿಗೆ, ಆ ಹೆಸರಿನ ಮೇಲೆ ಈಗ ಸೋಗೆ ಬಿದ್ದಿದೆ, ಹೆಸರಿನ ಎಡಬಲದ ಕೆಂಪು ದೀಪಗಳ ಮೇಲೆ ಬಿದ್ದಿದೆ, ಮಳೆಗೆ ನೆನೆದು ಭಾರವಾಗಿ, ಇಳಿದಲ್ಲೇ ಹೆಪ್ಪುಗಟ್ಟಿ, ಗಿಡಿಂಗ್ಸಿನಿಂದ ಇಲ್ಲಿಯವರೆಗೆ ಮಗಳು ನೋಡಿಕೊಂಡು ಬರುತ್ತಿರುವುದು ದೀಪವನ್ನಲ್ಲ, ಬರೀ ಒಂದು ಹುಲ್ಲಿನ ಹೊರೆಯನ್ನು. ಕ್ಯಾಬಿನ ಬೆನ್ನಿಗಿರುವ ಮೂರನೆಯ ಕೆಂಪು ದೀಪ, ಅದು ಸುಟ್ಟು ತಿಂಗಳಾಯಿತು, ಅದರ ಬಲ್ಬು ನಿನ್ನೆಯೇ ಕೊಂಡಿದ್ದಾನೆ, ಅವಳದರ ಜೊತೆಗೇ, ಅವಳದನ್ನು ಹಾಕಿ ತನ್ನದು ಮನೆಗೆ ಹೋಗಿ ಹಾಕಿದರಾಯಿತು ಎಂದು ಎದುರಿನ ಖಾನೆಯಲ್ಲಿಟ್ಟ, ಅಲ್ಲೇ ಇದೆ, ಕೈ ಚಾಚಿದರೆ ಸಿಗುತ್ತದೆ, ಕಾಗದದ ಡಬ್ಬಿಯಲ್ಲಿ.

ನಿಲ್ಲಿಸಲೇ, ನಿಲ್ಲಿಸಿದರೆ ಬಂದು ಬಡಿಯುತ್ತಾಳೆ. ನಿಧಾನ ಮಾಡಲೇ, ಕಾಣುವುದಿಲ್ಲ. ಪಕ್ಕಕ್ಕೆ ತಿರುಗಿಸಲೇ, ನನ್ನ ಗಾಲಿಯ ಗುರುತಿನಲ್ಲೇ ಬಾ ಅಂದಿದ್ದಾನಲ್ಲ, ಬರುತ್ತಾಳೆ, ಹೇಳಿದ ಹಾಗೇ ಬರುತ್ತಾಳೆ. ಇಂಡಿಕೇಟರೂ ಅದೇ ಗಾಜಿನೊಳಗೆ, ಅದೇ ಸೋಗೆಯ ಒಳಗೆ. ಫೋನು, ಹೌದು, ಫೋನು, ಕೈ ಹೋಯಿತು, ಅವಳ ಹೆಸರು ಬಂತು, ಹಸಿರು ಗುಂಡಿಯ ಮೇಲೆ ಹೆಬ್ಬೆರಳು – ಅಲ್ಲಿ ಅವಳ ಚೀಲದೊಳಗೆ ಅದು ಬಡಿದುಕೊಳ್ಳುತ್ತದೆ, ಎತ್ತಬೇಡ ಅಂದದ್ದು ಮರೆತು ಒಂದು ಕೈ ತೆಗೆಯುತ್ತಾಳೆ, ಬಗ್ಗುತ್ತಾಳೆ, ಬಗ್ಗಿದ ಆ ಹೊತ್ತು, ಬೇಡ, ಫೋನನ್ನು ಪಕ್ಕದ ಸೀಟಿಗೆ ಹಾಕಿದ, ಅದು ಜಾರಿ ಕೆಳಗೆ ಬಿತ್ತು. ಹೀಗೇ ಹೋಗುತ್ತಿರಬಹುದು, ಬ್ರೇಕೇ ಮುಟ್ಟದೆ, ಒಂದೇ ವೇಗದಲ್ಲಿ, ಎಲ್ಗಿನ್ನಿನವರೆಗೆ, ಮನೆಯವರೆಗೆ, ಯಾಕಾಗಬಾರದು, ಅವಳು ಬೈಕ್ ಕಲಿಯುವಾಗಲೂ ಹೀಗೇ, ಸೈಕಲ್ಲು, ಬೈಕಲ್ಲ, ಕೆಂಪು ಸೈಕಲ್ಲು, ಹಿಂದೆ ಹಿಡಿದಿದ್ದೀನಿ ಹೋಗು ಎಂದು ಕೈ ಬಿಟ್ಟಿದ್ದ, ಇಡೀ ಬೀದಿ ಹೋದಳು, ತಿರುಗಿ ನೋಡಿ ಬಿದ್ದಳು, ಯು ಲೈಡ್, ಎಂದು ಮೊಣಕಾಲು ಹಿಡಿದು – ರಸ್ತೆ ಬದಿಯಲ್ಲಿ ಹಳದಿ ಫಲಕ, ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ ಎಂಬ ಎಚ್ಚರಿಕೆ, ಅದರಾಚೆ ಹಳ್ಳದ ಸೇತುವೆ, ಸೇತುವೆಯ ಮೇಲೆ ಏನೋ ಅಡ್ಡ, ಉದ್ದಕ್ಕೆ ಬಿಳಿ ಪೆಟ್ಟಿಗೆಯಂಥದ್ದು, ದೊಡ್ಡ ಸರಕಿನ ಲಾರಿ, ರಸ್ತೆಗೆ ಅಡ್ಡಡ್ಡ ನಿಂತಿದೆ, ಅದರ ಈಚೆ ಮೂರೋ ನಾಲ್ಕೋ ಕೆಂಪು ದೀಪ, ನಿಂತವು, ಅಲುಗುತ್ತಿಲ್ಲ, ಕಾಲು ಮೈಲಿಯೂ ಇಲ್ಲ.

ಕಾಲು ತೆಗೆದ. ಗೇರು ಇಳಿಸಿದ, ಎಂಜಿನ್ ಗುಮ್ಮೆಂದಿತು, ಮರಳಿನ ಚೀಲ ಅಚ್ಚನ್ನು ಅದುಮಿ ಹಿಡಿದವು, ಟ್ರಕ್ಕು ಮಾತು ಕೇಳಿತು, ಇದು ಕೇಳುತ್ತದೆ, ಇದು ನಿಲ್ಲುತ್ತದೆ, ನಿಲ್ಲುವುದೇ ತಪ್ಪು, ಕನ್ನಡಿಯಲ್ಲಿ ನಿಂಬೆಹಣ್ಣು, ಒಂದು ಬಿಳಿ, ಒಂದು ಹಳದಿ, ಬರುತ್ತಿವೆ, ಏನೂ ಅರಿಯದೆ, ಹೇಳಿದ ಗುರುತಿನಲ್ಲೇ – ಕೈ ತಾನಾಗಿ ಕೆಳಗೆ ಹೋಯಿತು, ಮೊಣಕಾಲಿನ ಹತ್ತಿರ, ಧೂಳು ಹಿಡಿದ ಆ ಸ್ವಿಚ್ಚು, ನೆತ್ತಿಯ ಮೇಲಿನ ಐದು ದೀಪ, ಸೋಗೆ ಅಷ್ಟು ಮೇಲಕ್ಕಿಲ್ಲ, ಹೊತ್ತಿಸಿದ, ಆರಿಸಿದ, ಹೊತ್ತಿಸಿದ, ಆರಿಸಿದ. ಎರಡು ಸಲ. ಎರಡು ಸಲ ಮಿಟುಕಿದರೆ ಮುಂದೆ ಅಡ್ಡಿ ಇದೆ, ನಿಧಾನ ಎಂದು, ಊರಿನ ಲಾರಿಯವರ ಮಾತು ಅದು, ದೀಪ ಕೂರಿಸಿದ ದಿನ ಗ್ಯಾರೇಜಿನಲ್ಲಿ ಅವಳಿಗೂ ಕಲಿಸಿದ್ದ, ಅವಳೇ ಈ ಸ್ವಿಚ್ಚು ಹಿಡಿದು ಕೂತಿದ್ದಳು, ಹದಿನಾಲ್ಕು ವರ್ಷ, ಹಲ್ಲಿಗೆ ತಂತಿ, ಅದಾದ ಮೇಲೆ ಕೆಲಸದಿಂದ ಬಂದಾಗಲೆಲ್ಲ ಬೀದಿಯ ತುದಿಯಿಂದ ಎರಡು ಸಲ ಮಿಟುಕಿಸುತ್ತಿದ್ದ, ಅವಳು ಮನೆಯ ಬಾಗಿಲ ದೀಪ ಎರಡು ಸಲ ಮಿಟುಕಿಸುತ್ತಿದ್ದಳು, ಕಂಡೆ, ಬಾ, ಎಂದು. ನೆನಪಿರುತ್ತದೆಯೇ, ಸರ್ಕಸ್ ಎಂದು ಅತ್ತದ್ದು ನೆನಪಿರಬಹುದು, ಅದರ ಹಿಂದಿನದು ಇರುತ್ತದೆಯೇ, ಹೊತ್ತಿಸಿದ, ಆರಿಸಿದ, ಎರಡು ಸಲ, ನಿಲ್ಲಿಸಿ ಮತ್ತೆ ಎರಡು ಸಲ, ನನ್ನವ್ವ, ನೋಡು, ಮೇಲೆ ನೋಡು, ಸೋಗೆ ಬಿಡು, ನೆತ್ತಿ ನೋಡು, ಮುಂದಿನ ಕೆಂಪು ದೀಪಗಳು ಹತ್ತಿರವಾದವು, ಹಿಂದಿನವೂ ಹತ್ತಿರವಾದವು, ಕಿತ್ತಳೆಹಣ್ಣಿನಷ್ಟು, ತೆಂಗಿನಕಾಯಿಯಷ್ಟು, ಕನ್ನಡಿಯ ತುಂಬ ಬಿಳಿ, ಕನ್ನಡಿಯ ತುಂಬ ಹಳದಿ, ಅವನ ಬೆನ್ನು ತಾನಾಗಿ ಪೆಟ್ಟಿಗೆ ಸಿದ್ಧವಾಯಿತು –

ಪೆಟ್ಟು ಬರಲಿಲ್ಲ. ಟ್ರಕ್ಕು ನಿಂತಿತ್ತು, ಸೇತುವೆಗೆ ಎರಡು ಮಾರು ಈಚೆಗೆ. ತನ್ನ ಪಕ್ಕದ ಎಡಗನ್ನಡಿ ಕತ್ತಲೆ. ಕತ್ತು ಹೊರಳಿಸಿ ಬಲಗನ್ನಡಿ ನೋಡಿದ, ಅದರ ಮೇಲೆ ಮಂಜು, ಕಿಟಕಿ ಇಳಿಸಿ ಬರಿಗೈಯಿಂದ ಉಜ್ಜಲು ಅದು ದೂರ, ಸೀಟಿನ ಮೇಲೆ ಅಡ್ಡ ಬಿದ್ದು ಆಚೆ ಕಿಟಕಿ ಇಳಿಸಿದ, ಕೈ ಚಾಚಿ ಉಜ್ಜಿದ, ಇವೆ, ರಸ್ತೆಯಿಂದ ಇಳಿದು ಹುಲ್ಲಿನಲ್ಲಿ, ಓರೆಯಾಗಿ, ಬಿಳಿಯದು ಮೇಲೆ, ಹಳದಿಯದು ಕೆಳಗೆ, ಅಲುಗುತ್ತಿಲ್ಲ, ಬಾಗಿಲು ತೆರೆಯುತ್ತಿಲ್ಲ, ಹುಲ್ಲು ಹಿಡಿಯಿತೇ, ಹಿಡಿದು ನಿಲ್ಲಿಸಿತೇ, ಮಗುಚಿತೇ, ಯಾಕೆ ಬಾಗಿಲು ತೆರೆಯುತ್ತಿಲ್ಲ, ಹೊಟ್ಟೆಯ ಮೇಲೆ ಬಿದ್ದಲ್ಲಿಂದಲೇ ಒಂದು ಕೈಯಲ್ಲಿ ಸ್ವಿಚ್ಚು ತಡಕಿದ, ಹೊತ್ತಿಸಿದ, ಆರಿಸಿದ, ಹೊತ್ತಿಸಿದ, ಆರಿಸಿದ, ಕಾದ, ಗಾಜಾಗುವ ಮಳೆ ಕಿವಿಯ ಮೇಲೆ ಬೀಳುತ್ತಿತ್ತು, ಕಾದ, ಕನ್ನಡಿಯಲ್ಲಿ ಓರೆಯಾಗಿ, ಒಂದು ಬಿಳಿ, ಒಂದು ಹಳದಿ. ಆರಿದವು. ಹೊತ್ತಿದವು. ಆರಿದವು. ಕಾದ. ಒಂದು ಬಿಳಿ. ಒಂದು ಹಳದಿ.