ಒಲೆಯಿಲ್ಲದ ರೂಮು

ಹೋಟೆಲ್ ರೂಮಿನೊಳಗೆ ಅಡುಗೆ ಒಲೆ ಇಡಬಹುದು ಎಂದು ಮೊದಲು ಯೋಚಿಸಿದವನು ಯಾರೋ, ಅವನು ಜನ್ಮದಲ್ಲಿ ಒಂದು ದಿನವೂ ಒಲೆ ಹಚ್ಚಿದವನಲ್ಲ. ಅಂಥ ರೂಮಿನ ಫೋಟೋವನ್ನು ನನ್ನ ಗಂಡ ತಿರುಮಲೇಶ್ ಮೊಬೈಲಿನಲ್ಲಿ ತೋರಿಸಿದಾಗ ನನಗೆ ಮೈಯೆಲ್ಲ ಉರಿಯಿತು.

ಬೆಂಗಳೂರಿನಾಚೆ ಒಂದು ದೊಡ್ಡ ಆಟದ ಪಾರ್ಕು ಇದೆ. ನೀರಿನ ಜಾರುಬಂಡೆ, ತಲೆಕೆಳಗಾಗಿ ಓಡುವ ರೈಲು, ಏನೇನೋ. ಮಗಳು ಬನಶ್ರೀ ಹೋದ ವರ್ಷದಿಂದ ಅದನ್ನೇ ಜಪಿಸುತ್ತಿದ್ದಳು. ಪಾರ್ಕಿನ ಒಳಗೇ ಎರಡು ಹೋಟೆಲುಗಳು. ಕೊಳದ ಪಕ್ಕದ್ದರಲ್ಲಿ ಮನೆಯಂಥ ಕಾಟೇಜು. ಒಲೆ, ಸಿಂಕು, ಫ್ರಿಜ್ಜು, ಪಾತ್ರೆ ಎಲ್ಲ ಅವರೇ ಕೊಡುತ್ತಾರೆ. ಗೇಟಿನ ಪಕ್ಕದ್ದರಲ್ಲಿ ಬರೀ ರೂಮು. ಊಟ ತಿಂಡಿ ಕೆಳಗಿನ ಹಾಲಿನಲ್ಲಿ. ನನಗೆ ಬೇಕಾಗಿದ್ದುದು ಗೇಟಿನ ಪಕ್ಕದ್ದು. ಜಾರುಬಂಡೆ ಯಾರಿಗೆ ಬೇಕು? ಮದುವೆಯಾಗಿ ಬಂದಾಗಿನಿಂದ ಒಲೆಯ ಮುಂದೆಯೇ ನಿಂತಿದ್ದೇನೆ. ಎರಡು ದಿನ ಅದರ ಮುಖ ನೋಡದೆ ಇದ್ದರೆ ಅದೇ ನನ್ನ ಪಾರ್ಕು.

ಆಂಧ್ರದ ಗಡಿಯ ಹಿಂದೂಪುರದಲ್ಲಿ ನಮ್ಮದು ನೇಕಾರರ ಮನೆ. ಮುಂದಿನ ಕೋಣೆಯಲ್ಲಿ ಮಗ್ಗಗಳು ಬೆಳಗಾದರೆ ಬಡಿದುಕೊಳ್ಳಲು ಶುರುಮಾಡುತ್ತವೆ. ಭಾನುವಾರ ನಮಗೆ ರಜೆಯಲ್ಲ, ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಎಲ್ಲಿಗೆ ಹೋಗುವುದಿದ್ದರೂ ಆ ದಿನವನ್ನೇ ಹಿಡಿದು ಹೋಗಬೇಕು. ಆದರೆ ಅದೇ ದಿನ ಮನೆದೇವರು ಚೌಡೇಶ್ವರಮ್ಮನಿಗೆ ಮನೆಯವರ ಕೈಯಡುಗೆಯ ಎಡೆ ಇಡಬೇಕು. ಬಿಸಿ ಅನ್ನ, ಬೇಳೆಯ ಪಪ್ಪು, ಹೋಳಿಗೆ. ಅಂದರೆ ಗಂಡಸರ ರಜೆಯ ದಿನವೇ ನನಗೆ ಕೆಲಸ ಜಾಸ್ತಿ. ಇದನ್ನು ಗೊತ್ತು ಮಾಡಿದವರು ಸಿಕ್ಕರೆ ಅವರನ್ನೂ ಒಂದು ಮಾತು ಕೇಳಬೇಕೆಂದಿದ್ದೇನೆ.

ಕಾಟೇಜಿನ ಫೋಟೋ ನೋಡಿ ಅತ್ತೆ ಬನಶಂಕರಮ್ಮನ ಮುಖ ಅರಳಿತು.

“ಒಲೆ ಐತಲ್ಲಪ್ಪ, ಇನ್ನೇನು ಚಿಂತೆ! ಎಡೆ ತಪ್ಪಂಗಿಲ್ಲ. ಅಕ್ಕಿ ಬೇಳೆ ಕಟ್ಕೊಂಡು ಹೋದ್ರಾಯ್ತು,” ಎಂದರು.

ನಾದಿನಿ ತ್ರಿವೇಣಿಯೂ ನಮ್ಮ ಜೊತೆ ಬರುವವಳಿದ್ದಳು. ಕಲ್ಯಾಣದುರ್ಗದಲ್ಲಿ ಅವಳ ಗಂಡನದು ಬಟ್ಟೆ ಅಂಗಡಿ. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದಳು. ಬ್ರಹ್ಮಸಮುದ್ರದ ಬಸ್ಸಿಗೆ ಹೊತ್ತಾಯಿತೆಂದು ಗಿರಾಕಿಗಳು ಅವಸರ ಮಾಡುತ್ತಿದ್ದರೂ ಫೋನು ಬಿಡಲಿಲ್ಲ.

“ಒಲೆ ಇರೋದೇ ತಗಳ್ಳಿ ವದಿನಾ. ಹೊರಗಿನ ಊಟ ನಮ್ಮೋರಿಗೆ ಆಗಕಿಲ್ಲ. ನಿಮ್ ಕೈ ಪುಳಿಹೋರ ತಿಂದು ಎಷ್ಟ್ ದಿನ ಆಯ್ತು!”

ವದಿನಾ ಎಂದು ಅತ್ತಿಗೆಯನ್ನು ಹೊಗಳುತ್ತಲೇ ಕೆಲಸಕ್ಕೆ ಹಚ್ಚುವ ವಿದ್ಯೆ ನನ್ನ ನಾದಿನಿಗೆ ಹುಟ್ಟಿನಿಂದ ಬಂದದ್ದು. ತಿರುಮಲೇಶ್ ತಲೆ ಎತ್ತಲಿಲ್ಲ. “ಎಲ್ರೂ ಹೇಳ್ತಾವ್ರಲ್ಲ, ಅದ್ನೇ ಬುಕ್ ಮಾಡ್ಬುಡ್ಲಾ?” ಎಂದು ಮೊಬೈಲಿನ ಮೇಲೆ ಬೆರಳಿಟ್ಟರು.

ನನ್ನ ಸಹನೆ ಅಲ್ಲಿಗೆ ಮುಗಿಯಿತು.

“ಮಾಡ್ಕಳ್ಳಿ, ನಾನ್ ಬರಕಿಲ್ಲ,” ಎಂದೆ. “ಇಲ್ಲಿ ಬೇಯ್ಸೋದನ್ನ ಅಲ್ಲಿಗೋಗಿ ಬೇಯ್ಸಕೆ ನಾನ್ಯಾಕ್ ಬರಬೇಕು? ನೀವೆಲ್ಲ ನೀರಲ್ಲಿ ಬಿದ್ದು ಆಡ್ತಿರ್ತೀರ, ನಾನು ಹೋಳಿಗೆ ತಟ್ತಾ ಇರ್ತೀನಿ. ಎರಡೇ ಎರಡು ದಿನ ಅತ್ತೆ, ನಂಗೆ ಒಲೆ ಬ್ಯಾಡ.”

ಹೇಳುತ್ತಿದ್ದಂತೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನನಗೇ ನಾಚಿಕೆಯಾಯಿತು. ಹೋಟೆಲ್ ರೂಮಿಗಾಗಿ ಯಾರಾದರೂ ಅಳುತ್ತಾರೆಯೇ? “ಗಿರಾಕಿ ಕಾಯ್ತಾವ್ರೆ” ಎಂದು ತ್ರಿವೇಣಿ ಮೆಲ್ಲಗೆ ಫೋನ್ ಇಟ್ಟಳು. ಅತ್ತೆ ಎದ್ದು ದೇವರ ಕೋಣೆಗೆ ಹೋದರು. ಅಮ್ಮನ ಎಡೆಯ ವಿಷಯಕ್ಕೇ ಬಾಯಿ ಹಾಕಿದ್ದೆನಲ್ಲ, ಇನ್ನು ಈ ತಿಂಗಳೆಲ್ಲ ಮುಖ ಊದಿಸಿಕೊಂಡಿರುತ್ತಾರೆ ಎಂದುಕೊಂಡೆ.

ಸಂಜೆ ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಾಗ ಅತ್ತೆ ಪಕ್ಕಕ್ಕೆ ಬಂದು ಕೂತರು.

“ನಿಮ್ ಮಾವ ಇದ್ದಾಗ ತಿರುಪತಿಗೆ ಹೋಗಿದ್ವಿ ಕಣಮ್ಮ. ಸೀಮೆಎಣ್ಣೆ ಸ್ಟವ್ವು, ಅಕ್ಕಿ, ಪಾತ್ರೆ ಎಲ್ಲಾ ಹೊತ್ಕೊಂಡು. ಛತ್ರದಾಗೆ ಅಷ್ಟೂ ಜನಕ್ಕೆ ಬೇಯ್ಸಿ ಹಾಕ್ದೆ. ಬೆಟ್ಟ ಹೆಂಗೈತೆ ಅಂತ ಯಾರಾನ ಕೇಳಿದ್ರೆ ಛತ್ರದ ಗೋಡೆ ಹೆಂಗಿತ್ತು ಅಂತ ಬೇಕಾದ್ರೆ ಹೇಳ್ತೀನಿ.”

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

“ಮತ್ತೆ ಅಮ್ಮನ ಎಡೆ?” ಎಂದೆ.

“ಹಣ್ಣು, ಕಾಯಿ, ಬೆಲ್ಲ ಇಡಾನ. ಅವ್ಳೂ ಹೆಣ್ಣೇ ಅಲ್ವಾ, ಬೇಜಾರು ಮಾಡ್ಕಳಕಿಲ್ಲ. ಒಲೆ ಇಲ್ದಿರೋದನ್ನೇ ಹೇಳ್ಬುಡು ಅವ್ನಿಗೆ.”

ಮಗ್ಗದ ಕೋಣೆಯಿಂದಲೇ ತಿರುಮಲೇಶ್ “ಸರೇ” ಎಂದರು. ಬದುಕಿದೆಯಾ ಬಡಜೀವವೇ ಎನಿಸಿರಬೇಕು ಅವರಿಗೆ.

ಅಮಾವಾಸ್ಯೆಯ ಹಿಂದಿನ ದಿನ ಮಗ್ಗ ಬೇಗ ನಿಲ್ಲಿಸಿ ಹೊರಟೆವು. ಕಲ್ಯಾಣದುರ್ಗದಿಂದ ತ್ರಿವೇಣಿಯೂ ಬಂದು ಸೇರಿದ್ದಳು. ಮರುದಿನ ಬೆಳಿಗ್ಗೆ ರೂಮಿನಲ್ಲೇ ಹಣ್ಣು ಕಾಯಿ ಇಟ್ಟು ಕೈಮುಗಿದು ಕೆಳಗಿನ ಹಾಲಿಗೆ ಇಳಿದೆವು. ಬೇರೆ ಯಾರೋ ಮಾಡಿದ ಕಾಫಿ ಹಿಡಿದು ನಾನು ಮಹಾರಾಣಿಯಂತೆ ಕೂತೆ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಪಾತ್ರೆಗಳು. ಬೇಕಾದದ್ದನ್ನು ನಾವೇ ಹಾಕಿಕೊಳ್ಳಬೇಕು. ಎಲ್ಲರೂ ತಟ್ಟೆ ತುಂಬಿಸಿಕೊಂಡು ಬಂದರು. ಅತ್ತೆ ಮಾತ್ರ ಒಂದೊಂದು ಪಾತ್ರೆಯ ಮುಂದೂ ನಿಂತು ನೋಡಿ, ಕೊನೆಯವರೆಗೆ ಹೋಗಿ, ಖಾಲಿ ತಟ್ಟೆ ಹಿಡಿದು ವಾಪಸ್ಸು ಬಂದರು.

ಇನ್ನು ಮಡಿಯ ರಾಗ ತೆಗೆಯುತ್ತಾರೆ ಎಂದು ನನಗೆ ಕೋಪ ಏರತೊಡಗಿತು.

“ಯಾಕತ್ತೆ, ಹೊರಗಿಂದು ತಿನ್ನಕಿಲ್ವಾ?”

“ಅಂಗಲ್ಲ ಕಣಮ್ಮ,” ಎಂದರು ಸಣ್ಣ ದನಿಯಲ್ಲಿ. “ಮನೇಲಿ ಎಲ್ರೂ ಉಂಡ ಮ್ಯಾಲೆ ಯಾವ್ದು ಉಳಿದಿರ್ತದೋ ಅದ್ನ ಹಾಕ್ಕೊಂತೀನಿ. ಇಲ್ಲಿ ಎಲ್ಲಾ ತುಂಬೈತೆ. ನಂಗೇನಿಷ್ಟ ಅಂತ ನಂಗೇ ತಿಳೀವಲ್ದು.”

ತಿರುಮಲೇಶ್ ಬಾಯಿಗಿಡಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ನನ್ನ ಮುಖ ನೋಡಿದರು. ತಾಯಿಗೆ ಏನಿಷ್ಟ ಎಂಬುದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅತ್ತೆಯ ಪಕ್ಕದಲ್ಲೇ ಕೂತು, ಎಲ್ಲರದೂ ಆದ ಮೇಲೆ ಉಂಡವಳು ನಾನು, ನನಗೂ ಗೊತ್ತಿರಲಿಲ್ಲ.

“ಬನ್ನಿ, ನಾನು ಹಾಕ್ಕೊಡ್ತೀನಿ,” ಎಂದು ಎದ್ದು ನಾನೂ ಒಂದು ತಟ್ಟೆ ತೆಗೆದುಕೊಂಡೆ. ಮೊದಲ ಪಾತ್ರೆ ನೋಡಿದೆ, ಎರಡನೆಯದನ್ನೂ ನೋಡಿದೆ. ಸೌಟು ಹಿಡಿದು ನಿಂತೇ ಇದ್ದೆ. ಹಿಂದೆ ನಿಂತವರು ಅವಸರ ಮಾಡಿದರು. ನನಗೇನು ಇಷ್ಟ ಎಂಬುದು ನನಗೂ ಹೊಳೆಯಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಿತ್ತು.

“ಎಲ್ಲಾದ್ರಾಗೂ ಚೂರು ಚೂರು ಹಾಕ್ಕಳಾನ ಬಾ, ತಿಂದು ನೋಡಾನ,” ಎಂದು ನನ್ನ ಕೈಯಿಂದ ಸೌಟು ತೆಗೆದುಕೊಂಡು ಮೊದಲು ನನ್ನ ತಟ್ಟೆಗೆ ಬಡಿಸಿದರು.